ಎಣಿಕೆಯ ಎಲ್ಲೆ

ಗಣಿತದಲ್ಲಿ ಸಂಖ್ಯೆಗಳಿಗೆ ಕೊನೆಯೆಂಬುದಿಲ್ಲ. ಎಷ್ಟು ದೊಡ್ಡ ಸಂಖ್ಯೆಯನ್ನು ಹೇಳಿದರೂ ಅದಕ್ಕೆ ಇನ್ನೊಂದನ್ನು ಕೂಡಿಸಬಹುದು. ಗಣಕಯಂತ್ರಕ್ಕೆ ಸಾಮಾನ್ಯವಾಗಿ ಈ ಸ್ವಾತಂತ್ರ್ಯವಿಲ್ಲ. ಅದು ಸಂಖ್ಯೆಯನ್ನು ನಿಗದಿಯಾದ ಅಳತೆಯ ಪಾತ್ರೆಯೊಳಗೆ ಇರಿಸುತ್ತದೆ. ಕೊಳಗದಷ್ಟು ಭತ್ತ ಸೇರಿನಲ್ಲಿ ಹಿಡಿಯುವುದುಂಟೇ? ಸೊನ್ನೆಯನ್ನೋ ಒಂದನ್ನೋ ಬರೆಯುವ ಮನೆಗೆ 'ಬಿಟ್' ಎಂದು ಹೆಸರು. ಅಂತಹ 16 ಮನೆಗಳ ಪಾತ್ರೆಯಲ್ಲಿ ಒಂದನ್ನು ಧನ-ಋಣ ಚಿಹ್ನೆಗೆ ಬಿಟ್ಟರೆ, ಹಿಡಿಯುವ ಅತಿ ದೊಡ್ಡ ಪೂರ್ಣಾಂಕ 32,767.

ಪ್ರೋಗ್ರಾಂ ಭಾಷೆಗಳನ್ನು ರೂಪಿಸಿದವರು ಈ ಅಳತೆಯನ್ನು ಕೇಳಿ ತಿಳಿಯುವ ಉಪಾಯವನ್ನೂ ಭಾಷೆಯೊಳಗೇ ಇರಿಸಿದ್ದಾರೆ. 'ಫೋರ್‌ಟ್ರಾನ್ 90'ರಲ್ಲಿರುವ 'ಹ್ಯೂಜ್' ಎಂಬ ಫಂಕ್ಷನ್‌ಗೆ ಒಂದು ಸಂಖ್ಯೆಯನ್ನು ಕೊಟ್ಟರೆ, ಆ ಜಾತಿಯ ಸಂಖ್ಯೆಗಳಲ್ಲಿ ಅತಿ ದೊಡ್ಡದು ಯಾವುದೆಂದು ಅದು ತಿಳಿಸುತ್ತದೆ. 'ಏಡಾ' ಭಾಷೆಯಲ್ಲಿ ಜಾತಿಯ ಹೆಸರಿನ ಮುಂದೆ 'ಫಸ್ಟ್', 'ಲಾಸ್ಟ್' ಎಂದು ಬರೆದರೆ ಎರಡು ತುದಿಯ ಎಲ್ಲೆಗಳೂ ದೊರೆಯುತ್ತವೆ. ಕೇಳಿದರೆ ಯಂತ್ರವು ಹೇಳುತ್ತದೆ. ಆದರೆ ಕೇಳಬೇಕಾದವನು ಮನುಷ್ಯ.

1996ರ ಜೂನ್ 4ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೂರೂ ಎಂಬಲ್ಲಿಂದ ಯುರೋಪಿನ 'ಏರಿಯಾನ್ 5' ರಾಕೆಟ್ಟು ಮೊದಲ ಬಾರಿಗೆ ಮೇಲೇರಿತು. ಅದರಲ್ಲಿ ಮನುಷ್ಯರಿರಲಿಲ್ಲ, ವಿಜ್ಞಾನಿಗಳ ಅನೇಕ ವರ್ಷಗಳ ಶ್ರಮದ ಫಲವಾದ ನಾಲ್ಕು ಉಪಗ್ರಹಗಳಿದ್ದವು. ರಾಕೆಟ್ಟಿನ ನಿಲುವನ್ನೂ ಚಲನೆಯನ್ನೂ ಅಳೆಯುವ ಗಣಕದ ತಂತ್ರಾಂಶವು ಏಡಾ ಭಾಷೆಯದು. ಹಿಂದಿನ ಏರಿಯಾನ್ 4ಕ್ಕಾಗಿ ಬರೆದುದನ್ನೇ ಇದಕ್ಕೂ ಬಳಸಲಾಗಿತ್ತು. ಅದರಲ್ಲಿ 64 ಬಿಟ್‌ಗಳ ಸಂಖ್ಯೆಯನ್ನು 16 ಬಿಟ್‌ಗಳ ಪಾತ್ರೆಗೆ ಸುರಿಯುವ ಕೆಲಸವಿತ್ತು. ಎಲ್ಲೆ ಮೀರುವ ಅಪಾಯವಿದ್ದ ಏಳು ಸಂಖ್ಯೆಗಳ ಪೈಕಿ ನಾಲ್ಕಕ್ಕೆ ಕಾವಲಿತ್ತು. ಉಳಿದ ಮೂರು ಎಂದಿಗೂ ಅಷ್ಟು ಬೆಳೆಯಲಾರವೆಂದು ನಂಬಿ, ಗಣಕದ ಹೊರೆಯೂ ಹಗುರವಾಗಲೆಂದು, ಅವನ್ನು ಹಾಗೆಯೇ ಬಿಡಲಾಗಿತ್ತು. ಹಳೆಯ ರಾಕೆಟ್ಟಿನ ಮಟ್ಟಿಗೆ ಆ ನಂಬಿಕೆ ಹುಸಿಯಾಗಿರಲಿಲ್ಲ.

ಹೊಸ ರಾಕೆಟ್ಟಿನ ಅಡ್ಡ ವೇಗವಾದರೋ ಬಹಳ ಹೆಚ್ಚು. ಆ ವೇಗಕ್ಕೆ ಸಂಬಂಧಿಸಿದ ಸಂಖ್ಯೆ ಪಾತ್ರೆಯಲ್ಲಿ ಹಿಡಿಯದಾಯಿತು, ಗಣಕ ಕೈಚೆಲ್ಲಿತು. ಆಪತ್ಕಾಲಕ್ಕೆಂದು ಜೊತೆಗಿರಿಸಿದ್ದ ಇನ್ನೊಂದು ಗಣಕವೂ ಅದೇ ತಂತ್ರಾಂಶವನ್ನು ಹೊತ್ತಿದ್ದುದರಿಂದ ಆ ಮೊದಲೇ, ಅದೇ ಕಾರಣಕ್ಕೆ, ಸ್ತಬ್ಧವಾಗಿತ್ತು. ದಾರಿ ತಪ್ಪಿದ ರಾಕೆಟ್ಟು ಸುಮಾರು 3,700 ಮೀಟರ್ ಎತ್ತರದಲ್ಲಿ ಹಠಾತ್ತನೆ ಹೊರಳಿ, ಮುರಿದು ಸಿಡಿಯಿತು. ಹಾರಾಟದ ಕ್ರಮ ಆರಂಭವಾಗಿ ಸುಮಾರು 40 ಸೆಕೆಂಡುಗಳಷ್ಟೇ ಆಗಿದ್ದವು.

ವಿಚಾರಣಾ ಸಮಿತಿ ಅದೇ ವರ್ಷದ ಜುಲೈನಲ್ಲಿ ವರದಿ ನೀಡಿತು. ಅದರಲ್ಲಿನ ಒಂದು ಸಂಗತಿ ಓದಿದವರ ಮನಸ್ಸನ್ನು ಕಲಕುವಂತಹದು: ಎಡವಿದ ಆ ಲೆಕ್ಕದಿಂದ, ನೆಲವನ್ನು ಬಿಟ್ಟ ಮೇಲೆ ಏರಿಯಾನ್ 5ಕ್ಕೆ ಯಾವ ಉಪಯೋಗವೂ ಇರಲಿಲ್ಲ.