ಇರುಳಿನ ಗುರುತುಗಳು

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಶಾಲೆಯಲ್ಲಿ ಪಾಠ ಹೇಳಿದವನು ನಾನು. ‘ನಿಶಾಚರ’ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಇರುಳಿನಲ್ಲಿ ಸಂಚರಿಸುವುದು ನಿಶಾಚರ. ಉದಾಹರಣೆಗೆ ಗೂಬೆ, ಬಾವಲಿ. ಪುರಾಣ ಕೇಳಿ ಬೆಳೆದ ಮಕ್ಕಳು ಆ ಪಟ್ಟಿಗೆ ರಾಕ್ಷಸರನ್ನೂ ಸೇರಿಸುತ್ತಿದ್ದರು. ನಾನು ನಕ್ಕು ಮುಂದಿನ ಪದಕ್ಕೆ ಹೋಗುತ್ತಿದ್ದೆನು.

2023ರ ಆಗಸ್ಟ್ ತಿಂಗಳಿನಲ್ಲಿ ಮಗಳ ಮನೆಗೆಂದು ಆಸ್ಟ್ರೇಲಿಯದ ಸಿಡ್ನಿಗೆ ಹೋಗಿದ್ದೆನು. ಅಲ್ಲಿ ಅದು ಚಳಿಗಾಲದ ಕೊನೆ. ಮೊಮ್ಮಗನ ಪ್ರಾಥಮಿಕ ಶಾಲೆಯವರು ಮಕ್ಕಳನ್ನು ಲೇನ್ ಕೋವ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯುವವರಿದ್ದರು. ಮನೆಯ ಹಿರಿಯರೂ ಜೊತೆಗೆ ಬರಬಹುದೆಂದು ಚೀಟಿ ಬಂದಿತು. ಇರುಳಿನ ಪ್ರಾಣಿಗಳನ್ನು ಹುಡುಕಲು ಹೋಗುತ್ತೇವೆ ಎಂದು ಮೊಮ್ಮಗ ಹೇಳಿದನು. ಹೊರಟದ್ದು ಮಾತ್ರ ಬೆಳಗಿನ ಹತ್ತು ಗಂಟೆಗೆ! ಹಾಡುಹಗಲಿನಲ್ಲಿ ಇರುಳಿನ ಪ್ರಾಣಿ ಎಲ್ಲಿಂದ ಬರಬೇಕು ಎಂದು ನನಗೆ ಒಳಗೊಳಗೇ ನಗು ಬಂದಿತು.

ಸಿಡ್ನಿಯ ಜನ ‘ಬುಷ್’ ಎಂದು ಕರೆಯುವ ಕಾಡು ನಮ್ಮ ಮಲೆನಾಡಿನ ಕಾಡಿನಂತೆ ಕತ್ತಲೆ ಕವಿದದ್ದಲ್ಲ. ಮರಳುಗಲ್ಲಿನ ಬಂಡೆಗಳು, ಮೊಣಕಾಲೆತ್ತರದ ಒರಟು ಪೊದೆಗಳು, ಅವುಗಳ ನಡುವೆ ಬಿಡಿಬಿಡಿಯಾಗಿ ನಿಂತ ನೀಲಗಿರಿ ಮರಗಳು. ನಮ್ಮಲ್ಲಿಗೆ ಹೊರಗಿನಿಂದ ಬಂದು ಸಾಲುಸಾಲಾಗಿ ನಿಂತಿರುವ ನೀಲಗಿರಿಗೆ ಇದೇ ತವರು ಖಂಡ. ಒಂದು ಮರದ ಬಿಳಿಯ ಕಾಂಡದ ಮೇಲೆ ಎಳೆಯ ಮಕ್ಕಳು ಗೀಚಿದಂತೆ ಕಂದುಬಣ್ಣದ ಗೆರೆಗಳಿದ್ದವು. ತುಂಟ ಹುಡುಗರ ಕೆಲಸವಿರಬೇಕೆಂದುಕೊಂಡೆನು. ಅದು ಒಂದು ಪತಂಗದ ಮರಿಹುಳು ಕೊರೆದ ದಾರಿಯಂತೆ. ಹುಳು ತೊಗಟೆಯೊಳಗೆ ಅಂಕುಡೊಂಕಾಗಿ ಸಾಗಿ, ಒಂದೆಡೆ ತಿರುಗಿ, ಬಂದ ಹಾದಿಯಲ್ಲೇ ಮರಳಿ ಮೇಯುತ್ತದೆ. ಅದು ಹೊರಟುಹೋದ ಮೇಲೆ ಹಳೆಯ ತೊಗಟೆ ಕಳಚಿ ಬಿದ್ದಾಗಲೇ ಬರಹ ನಮ್ಮ ಕಣ್ಣಿಗೆ ಬೀಳುವುದು. ಈ ಪತಂಗಗಳಲ್ಲಿ ಹನ್ನೊಂದು ಹೊಸ ಪ್ರಭೇದಗಳನ್ನು ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟದ್ದು 2012ರಲ್ಲಿ.

ದಾರಿ ತೋರಿಸಲು ಬಂದಿದ್ದ ಉಪಾಧ್ಯಾಯಿನಿ ಒಂದು ತಗಡಿನ ಪೆಟ್ಟಿಗೆಯನ್ನು ಬಂಡೆಯ ಮೇಲಿರಿಸಿ ತೆರೆದರು. ಒಳಗೆ ಇದ್ದದ್ದು ಬಗೆಬಗೆಯ ಪ್ರಾಣಿಗಳ ಒಣಗಿದ ಹಿಕ್ಕೆ! ನಾನು ಒಂದು ಹೆಜ್ಜೆ ಹಿಂದೆ ಸರಿದೆನು. ಮಕ್ಕಳು ಒಂದು ಹೆಜ್ಜೆ ಮುಂದೆ ಬಂದರು. ಅವುಗಳಲ್ಲಿ ವಾಂಬ್ಯಾಟ್ ಎಂಬ ಪ್ರಾಣಿಯ ಹಿಕ್ಕೆ ಪಗಡೆಯ ದಾಳದ ಹಾಗೆ ಚೌಕಾಕಾರವಾಗಿದ್ದಿತು. ಅದರ ಕರುಳಿನ ಗೋಡೆ ಒಂದೆಡೆ ಬಿಗಿ, ಒಂದೆಡೆ ಸಡಿಲವಾಗಿರುವುದರಿಂದ ಈ ಆಕಾರ ಬರುತ್ತದೆಂದು ಕಂಡುಹಿಡಿದವರಿಗೆ 2019ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆಂದೇ ಮೀಸಲಾದ ‘ಇಗ್ ನೊಬೆಲ್’ ಬಹುಮಾನ ದೊರೆಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ನನ್ನ ಮನಸ್ಸು 1986ಕ್ಕೆ ಹೋಗಿದ್ದಿತು. ಆಗ ನಾನು ಮೂಡಿಗೆರೆಯ ಕಡೆಯ ಒಂದು ಹಳ್ಳಿಯಲ್ಲಿ ಉಪಾಧ್ಯಾಯನಾಗಿದ್ದೆನು. ನಿಶಾಚರ ಪ್ರಾಣಿಗಳ ಪಾಠವಾದ ಮರುದಿನ, ಕಾಫಿತೋಟದ ಲೈನುಮನೆಯ ಹುಡುಗನೊಬ್ಬ ಬಾಳೆಯೆಲೆಯಲ್ಲಿ ಏನನ್ನೋ ಸುತ್ತಿ ತಂದು ನನ್ನ ಮೇಜಿನ ಮೇಲೆ ಬಿಚ್ಚಿದನು. “ಕಬ್ಬೆಕ್ಕಿಂದು ಸಾರ್. ರಾತ್ರಿ ಬಂದಿತ್ತು. ಹೊಟ್ಟೇಲಿ ಕಾಫಿಬೀಜ ಹಾಗೇ ಇದೆ ನೋಡಿ ಸಾರ್” ಎಂದನು. ಕಬ್ಬೆಕ್ಕು ಚೆನ್ನಾಗಿ ಹಣ್ಣಾದ ಕಾಫಿಯನ್ನೇ ಆರಿಸಿ ತಿನ್ನುತ್ತದೆ. ತಿರುಳು ಜೀರ್ಣವಾಗಿ ಬೀಜ ಇಡಿಯಾಗಿ ಹೊರಬರುತ್ತದೆ. ಇದನ್ನು ನಾನು ಬಹಳ ಕಾಲದ ಮೇಲೆ ಓದಿ ತಿಳಿದೆನು. ಅಂದು ಮಾತ್ರ ಮೂಗು ಮುಚ್ಚಿಕೊಂಡು, “ಥೂ! ಎಸೆದು ಕೈ ತೊಳೆದುಕೊಂಡು ಬಾ” ಎಂದು ಗದರಿಸಿ, ಪಾಠ ಮುಗಿಯುವವರೆಗೂ ಅವನನ್ನು ಹೊರಗೆ ನಿಲ್ಲಿಸಿದೆನು. ತರಗತಿಯೆಲ್ಲ ನಕ್ಕಿತು. ಆಮೇಲೆ ಆ ಹುಡುಗ ತರಗತಿಯಲ್ಲಿ ತಾನಾಗಿ ಬಾಯಿ ತೆರೆದದ್ದು ನನಗೆ ನೆನಪಿಲ್ಲ.

“ಅಜ್ಜ, ಇಲ್ಲಿ ನೋಡಿ!” ಎಂದು ಮೊಮ್ಮಗ ಕೈಹಿಡಿದು ಎಳೆದನು. ಹುಲ್ಲಿನ ನಡುವೆ ಆಲಿಕೆಯ ಆಕಾರದ ಐದಾರು ಕುಳಿಗಳಿದ್ದವು. ಮೇಲೆ ಅಗಲ, ಕೆಳಗೆ ಕಿರಿದು. “ಬ್ಯಾಂಡಿಕೂಟ್!” ಎಂದು ಅವನು ಕೂಗಿದನು. ಹೆಗ್ಗಣವೇ ಎಂದು ನಾನು ಕೇಳಿದೆನು. ಆ ಹೆಸರು ಹುಟ್ಟಿದ್ದು ನಮ್ಮ ಕಡೆಯೇ: ತೆಲುಗಿನವರು ಹೆಗ್ಗಣವನ್ನು ಹಂದಿ-ಇಲಿ ಎಂಬ ಅರ್ಥದಲ್ಲಿ ‘ಪಂದಿಕೊಕ್ಕು’ ಎನ್ನುತ್ತಾರೆ, ಅದು ಇಂಗ್ಲಿಷರ ಬಾಯಲ್ಲಿ ಬ್ಯಾಂಡಿಕೂಟ್ ಆಗಿ, ಆಸ್ಟ್ರೇಲಿಯದ ಬೇರೊಂದು ಪ್ರಾಣಿಗೆ ಅಂಟಿಕೊಂಡಿತು. ಈ ಬ್ಯಾಂಡಿಕೂಟ್ ಇಲಿಯ ಜಾತಿಯೇ ಅಲ್ಲ. ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಪ್ರಾಣಿ. ಆ ಚೀಲದ ಬಾಯಿ ಹಿಂದಕ್ಕೆ ತೆರೆದಿರುತ್ತದೆ. ಹುಳುಗಳಿಗಾಗಿ ನೆಲ ಬಗೆಯುವಾಗ ಮರಿಯ ಮೇಲೆ ಮಣ್ಣು ಬೀಳದಿರಲು ಇದಕ್ಕಿಂತ ಒಳ್ಳೆಯ ಏರ್ಪಾಡು ಯಾವುದಿದೆ?

ಉಪಾಧ್ಯಾಯಿನಿ ಸರಿ ಎನ್ನಲಿಲ್ಲ, ತಪ್ಪು ಎನ್ನಲೂ ಇಲ್ಲ. “ಬೇರೆ ಯಾರು ತೋಡಿರಬಹುದು?” ಎಂದು ಕೇಳಿದರು. ಒಬ್ಬಳು ಪೊದೆಕೋಳಿ ಎಂದಳು. ಕೋಳಿಯಾದರೆ ಎಲೆಗಳನ್ನೆಲ್ಲ ಅಗಲವಾಗಿ ಕೆದಕಿರಬೇಕಲ್ಲ? ಇನ್ನೊಬ್ಬನು ನಾಯಿ ಎಂದನು. ಅಳೆದರು, ಬಗ್ಗಿ ನೋಡಿದರು, ವಾದಿಸಿದರು. ಕೊನೆಗೆ ಮೊಮ್ಮಗ ತನ್ನ ಹಾಳೆಯಲ್ಲಿ “ಬ್ಯಾಂಡಿಕೂಟ್ ಇರಬಹುದು” ಎಂದು ಬರೆದನು. ನನ್ನ ತರಗತಿಯಲ್ಲಿ ‘ಇರಬಹುದು’ ಎಂದವನಿಗೆ ಅಂಕವಿರಲಿಲ್ಲ.

ಮುಂದೆ ನುಣುಪಾದ ಕಾಂಡಗಳ ಮೇಲೆ ಪಾಸಮ್ ಎಂಬ ಮರವಾಸಿ ಪ್ರಾಣಿ ಹತ್ತಿಳಿದ ಉಗುರಿನ ಗೀರುಗಳನ್ನು ಕಂಡೆವು. ಹೊಳೆಯ ಬದಿಯ ಒಂದು ಮರದ ಕೆಳಗೆ ಸುಣ್ಣ ಎರಚಿದಂತೆ ಹಕ್ಕಿಯ ಹಿಕ್ಕೆ. ಅದರ ಪಕ್ಕದಲ್ಲಿ ಹೆಬ್ಬೆರಳು ಗಾತ್ರದ ಬೂದುಬಣ್ಣದ ಉಂಡೆ. ಕಡ್ಡಿಯಿಂದ ಬಿಡಿಸಿದರೆ ಒಳಗೆಲ್ಲ ತುಪ್ಪಳ, ನಡುವೆ ಪುಟ್ಟ ಮೂಳೆಗಳು. ಅಲ್ಲಿನ ದೊಡ್ಡ ಗೂಬೆ ಪಾಸಮ್‌ಗಳನ್ನು ಬೇಟೆಯಾಡಿ, ಅರಗದ ಭಾಗವನ್ನು ಹೀಗೆ ಕಕ್ಕುತ್ತದೆ. ಮಕ್ಕಳ ಗದ್ದಲ ಒಮ್ಮೆಲೇ ನಿಂತಿತು. ಅಳತೆ ತೆಗೆದು, ಚಿತ್ರ ಬರೆದುಕೊಂಡು, ಅದನ್ನು ಇದ್ದಲ್ಲಿಯೇ ಬಿಟ್ಟು ಬಂದೆವು. ಅಂದು ನಮಗೆ ಇರುಳಿನ ಪ್ರಾಣಿ ಒಂದೂ ಕಾಣಲಿಲ್ಲ. ಕಾಣಲಿಲ್ಲವೆಂದು ಮಕ್ಕಳಾರೂ ಕೊರಗಲೂ ಇಲ್ಲ.

ಸಂಜೆ ಮನೆಯಲ್ಲಿ ಮೊಮ್ಮಗನಿಗೆ ಲೈನುಮನೆಯ ಹುಡುಗನ ಕಥೆ ಹೇಳಿದೆನು. ಅವನು ಗಂಭೀರವಾಗಿ ಕೇಳಿ, “ಅಜ್ಜ, ಅದು ಕಬ್ಬೆಕ್ಕಿನದೇ ಅಂತ ನಿಮಗೆ ಹೇಗೆ ಗೊತ್ತು?” ಎಂದನು.

“ಆ ಹುಡುಗ ಹೇಳಿದ.”

“ನೀವು ನೋಡಲಿಲ್ಲವಾ?”

“ಇಲ್ಲ.”

ಅವನು ಸ್ವಲ್ಪ ಹೊತ್ತು ಯೋಚಿಸಿ, ತನ್ನ ಹಾಳೆಯ ಕೊನೆಯಲ್ಲಿ ಉಳಿದಿದ್ದ ಖಾಲಿ ಸಾಲನ್ನು ತೆಗೆದನು. ‘ಗುರುತು’ ಎಂಬಲ್ಲಿ ಹಿಕ್ಕೆ, ಕಾಫಿಬೀಜ. ‘ಪ್ರಾಣಿ’ ಎಂಬಲ್ಲಿ ಕಬ್ಬೆಕ್ಕು ಇರಬಹುದು. ‘ಸ್ಥಳ’ ಎಂಬಲ್ಲಿ ಇಂಡಿಯಾ. ‘ಕಂಡವರು’ ಎಂಬಲ್ಲಿಗೆ ಬಂದಾಗ ಪೆನ್ಸಿಲನ್ನು ನಿಲ್ಲಿಸಿ ನನ್ನ ಮುಖ ನೋಡಿದನು. ನಾನು ಆ ಹುಡುಗನ ಹೆಸರು ಹೇಳಿದೆನು. ಇಂಗ್ಲಿಷಿನಲ್ಲಿ ಅದನ್ನು ಬರೆಯುವುದು ಅವನಿಗೆ ಕಷ್ಟವಾಯಿತು. ಎರಡು ಸಲ ಅಳಿಸಿ, ಮೂರನೆಯ ಸಲ ಸರಿಯಾಗಿ ಬರೆದನು.