ಕೈ ಕರಿಯಾದವರ ಪಾಲು

ಅಬ್ಬಾ ತೀರಿಕೊಂಡ ಮೇಲೆ ಮನೆ, ಅರ್ಧ ಎಕರೆ ಕಾಫಿ, ಒಂದಿಷ್ಟು ಪಾತ್ರೆ ಪಗಡಿ ಎಲ್ಲವನ್ನೂ ಶರೀಅತ್ತಿನ ಪ್ರಕಾರ ಐದು ಪಾಲು ಮಾಡಿದೆವು. ಅಮ್ಮೀ ಮೊದಲೇ ಹೋಗಿದ್ದರು. ಅಣ್ಣತಮ್ಮಂದಿರಾದ ನಮ್ಮಿಬ್ಬರಿಗೆ ಎರಡೆರಡು, ತಂಗಿಗೆ ಒಂದು. ಪಾಲಾಗದೆ ಉಳಿದದ್ದು ಕೊಟ್ಟಿಗೆಯಲ್ಲಿದ್ದ ಪಿಕಪ್ ಒಂದೇ. ಗುಜರಿಯವನು ಬಂದು ಟೈರಿಗೆ ಒದ್ದು, ಕಬ್ಬಿಣದ ತೂಕಕ್ಕೆ ಬೆಲೆ ಹೇಳಿದ. ನಾವು ಒಪ್ಪಿದೆವು. ತಂಗಿ ಒಪ್ಪಲಿಲ್ಲ. "ಒಂದು ಸಲ ಸ್ಟಾರ್ಟ್ ಮಾಡಿ ಭಾಯಿಜಾನ್. ಅದರ ಸದ್ದು ಕೇಳಿದ ಮೇಲೆ ಬೇಕಾದರೆ ಮಾರಿ" ಎಂದಳು.

ಅದು ಮಹೀಂದ್ರದ ಹಳೆಯ ಪೆಟ್ರೋಲ್ ಜೀಪು. ಹಿಂಭಾಗ ತೆಗೆಸಿ, ಹಲಗೆ ಕೂರಿಸಿ ಅಬ್ಬಾ ಅದನ್ನು ಪಿಕಪ್ ಮಾಡಿಕೊಂಡಿದ್ದರು. ಹಗಲು ಸಕಲೇಶಪುರದ ಸುತ್ತಿನ ತೋಟಗಳಿಂದ ಮೆಣಸು, ಬಾಳೆಗೊನೆ. ಅಪರಾತ್ರಿಯಲ್ಲಿ ಹೆರಿಗೆ ನೋವಿನ ಹೆಂಗಸರು. ಪಕ್ಕದಲ್ಲಿ ಕೂತವರಿಗೆಲ್ಲ ಅಬ್ಬಾ ಒಂದು ಕತೆ ಹೇಳುತ್ತಿದ್ದರು. 1945ರಲ್ಲಿ ಶುರುವಾದಾಗ ಆ ಕಂಪೆನಿಯ ಹೆಸರು ಮಹೀಂದ್ರ ಆ್ಯಂಡ್ ಮೊಹಮ್ಮದ್. ದೇಶ ಭಾಗವಾದಾಗ ಪಾಲುದಾರ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಹೆಸರು ಬದಲಾಯಿತು. "ಮಂತ್ರಿ ಸಾಹೇಬರು ಹೋದರು, ಜೀಪು ಇಲ್ಲೇ ಉಳೀತು. ರಿಪೇರಿ ಮಾಡೋ ನಾವೂ ಇಲ್ಲೇ ಉಳಿದ್ವಿ" ಎಂದು ನಗುತ್ತಿದ್ದರು.

ಆ ರಿಪೇರಿ ಮಾತ್ರ ನಮಗೆ ಕಲಿಸಲಿಲ್ಲ. ಬಾನೆಟ್ಟಿನ ಹತ್ತಿರ ಹೋದರೆ "ಕೈ ಕರಿ ಮಾಡ್ಕೋಬೇಡಿ, ಹೋಗಿ ಓದಿ" ಎಂದು ಓಡಿಸುತ್ತಿದ್ದರು. ನಾವು ಓದಿದೆವು. ಮೊದಲು ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ. ಎರಡು ಲಿಪಿ ಕಲಿತೆವು. ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬಲ್ಲಿ 'ವ್ಯಾಪಾರ' ಎಂದು ಬರೆಯುವುದನ್ನೂ ಕಲಿತೆವು.

ಗಾಡಿ ಸ್ಟಾರ್ಟ್ ಆಗಲಿಲ್ಲ. ಕಾರ್ಬುರೇಟರಿನಿಂದ ಪೆಟ್ರೋಲು ಸೋರಿತು. ಕೊನೆಗೆ ಎದುರು ಮನೆಯವನನ್ನೇ ಕರೆದೆವು. ಐದನೇ ಕ್ಲಾಸಿನಲ್ಲಿ ನಪಾಸಾದ ಅವನನ್ನು ಅಬ್ಬಾ ಜೊತೆಗಿಟ್ಟುಕೊಂಡಿದ್ದರು. ಅವನಿಗೆ ನಾವಿಟ್ಟ ಹೆಸರು 'ಗ್ರೀಸು'. ಈಗ ಅವನಿಗೂ ಐವತ್ತಾಗಿತ್ತು. ಬಂದವನು ಕೈಕಟ್ಟಿ ನಿಂತ. "ನಾನು ಮುಟ್ಟಲ್ಲ. ನೀವೇ ಬಿಚ್ಚಿ, ನಾನು ಹೇಳ್ತೀನಿ. ಉಸ್ತಾದ್ ನಂಗೂ ಹೀಗೇ ಕಲಿಸಿದ್ದು."

ಏರ್ ಕ್ಲೀನರ್ ತೆಗೆದೆವು, ಚೋಕ್ ಮತ್ತು ಆಕ್ಸಿಲೇಟರ್ ತಂತಿ ಬಿಡಿಸಿದೆವು, ನಟ್ಟು ಸಡಿಲಿಸಿ ಕಾರ್ಬುರೇಟರ್ ಮೇಲೆತ್ತಿದೆವು. ಮುಚ್ಚಳ ತೆಗೆದರೆ ತಳದಲ್ಲಿ ಬಿಳಿ ಪುಡಿ. ಪೆಟ್ರೋಲಿನ ಎಥನಾಲು ತೇವ ಹೀರಿ, ನಿಂತಲ್ಲೇ ಲೋಹವನ್ನು ತಿಂದಿತ್ತು. ಜೆಟ್ಟಿನ ತೂತು ಕಟ್ಟಿತ್ತು. ಗುಂಡುಸೂಜಿ ಹಾಕಹೋದಾಗ ಕೈ ಹಿಡಿದ. "ಹಿತ್ತಾಳೆ ಮೆದು. ತೂತು ಕೂದಲಷ್ಟು ದೊಡ್ಡದಾದರೂ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ." ಪೆಟ್ರೋಲಿನಲ್ಲಿ ನೆನೆಸಿ, ಪಂಪಿನ ಗಾಳಿ ಹೊಡೆದು ಬಿಡಿಸಿದೆವು. ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿದೆವು. ಗುಳ್ಳೆ ಏಳಲಿಲ್ಲ, ಒಡೆದಿರಲಿಲ್ಲ. ಸವೆದದ್ದು ಪೆಟ್ರೋಲು ತಡೆಯುವ ಸೂಜಿ. ಹೊಸ ಸೂಜಿ, ಹೊಸ ಗ್ಯಾಸ್ಕೆಟ್, ಪಂಪಿಗೆ ಹೊಸ ಡಯಾಫ್ರಾಮ್ ಹಾಕಿದೆವು. ಪೆಟ್ರೋಲಿನ ಹಳೇ ರಬ್ಬರ್ ಪೈಪನ್ನೂ ಬದಲಾಯಿಸಿದ. 2023ರಿಂದ ಬಂಕುಗಳಿಗೆ ಬಂದ ಶೇ. 20 ಎಥನಾಲಿನ ಪೆಟ್ರೋಲಿಗೆ ಅದು ತಡೆಯುವುದಿಲ್ಲವಂತೆ.

ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೇಕು ಎಂದು ನಾವು ಪುಸ್ತಕದಲ್ಲಿ ಓದಿದ್ದೆವು. ಹೇಳಿದೆವು ಕೂಡ. "ಅದನ್ನ ಕಿವೀಲಿ ಅಳೀಬೇಕು" ಎಂದ. ಸ್ಕ್ರೂ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿಸಿದ. ಇಂಜಿನ್ ಕೆಮ್ಮಿತು, ಹಿಡಿಯಿತು. ಕಾಲು ಸುತ್ತು, ಇನ್ನೊಂದು ಚೂರು. ಮಿಸ್ಸಿಂಗ್ ನಿಂತಿತು. ಫೋನಿನ ಆ ತುದಿಯಲ್ಲಿ ತಂಗಿ ಮಾತೇ ಆಡಲಿಲ್ಲ. ಮಗರಿಬ್‌ಗೆ ಮುಂಚೆ ಮನೆ ಮುಂದೆ ಬಂದು ನಿಲ್ಲುತ್ತಿದ್ದ ಸದ್ದು ಅದು.

"ಎಷ್ಟಾಯಿತು ಉಸ್ತಾದ್?" ಎಂದೆವು. ಹಾಗೆ ಕರೆದದ್ದು ಅದೇ ಮೊದಲು.

"ಆರುನೂರು" ಎಂದರು. ಎಣಿಸಿ ಜೇಬಿಗಿಟ್ಟುಕೊಂಡರು. "ಕಮ್ಮಿ ಮಾಡಲ್ಲ. ಮಜೂರಿ ಬಿಡೋದನ್ನ ಉಸ್ತಾದ್ ಕಲಿಸಿಲ್ಲ."

ಮನೆ, ತೋಟ ನಮಗೆ ರಕ್ತದ ಲೆಕ್ಕದಲ್ಲಿ ಬಂದವು. ಇದಕ್ಕೆ ಆ ಲೆಕ್ಕ ನಡೆಯಲಿಲ್ಲ. ಕೈ ಕರಿ ಮಾಡಿಕೊಂಡವರ ಕಡೆಗೆ ಹೋಯಿತು. ನಮ್ಮ ಕೈ ಬೆಳ್ಳಗಿರಲೆಂದು ಅಬ್ಬಾ ಬಯಸಿದ್ದು ಪ್ರೀತಿಯಿಂದಲೇ. ಆದರೆ ಅವರ ಕಪ್ಪು ಕೈಗೆ ನಾಚಿಕೊಳ್ಳಿ ಎಂದು ಅವರು ಹೇಳಿರಲಿಲ್ಲ. ಅದನ್ನು ನಾವೇ ಕಲಿತೆವು.

ಗುಜರಿಯವನಿಗೆ ಬೇಡವೆಂದು ಹೇಳಿ ಕಳಿಸಿದೆವು. ಸಂಜೆ ವುಜೂಗೆ ಕೂತಾಗ ಉಗುರಿನ ಸಂದಿಯ ಗ್ರೀಸು ಹೋಗಲೊಲ್ಲದು. ಅದಿದ್ದರೆ ನೀರು ಚರ್ಮಕ್ಕೆ ತಾಗದು, ವುಜೂ ಆಗದು. ಅಬ್ಬಾ ದಿನಾ ಸೀಮೆಎಣ್ಣೆ ಹಚ್ಚಿ, ಸೋಪು ಹಾಕಿ ತಿಕ್ಕುತ್ತಿದ್ದ ಬಚ್ಚಲ ಕಲ್ಲು ಅಲ್ಲೇ ಇದೆ. ನಾವಿಬ್ಬರೂ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಕೈ ತಿಕ್ಕಿದೆವು.