ಅಜ್ಜಿಯೂ ಬರುವ ಹಾಗೆ ಒಂದು ರಾಜಧಾನಿ ಪ್ರವಾಸ



ಈ ರಜೆಯಲ್ಲಿ ನಮ್ಮ ಮನೆಯವರೆಲ್ಲ ತಿರುವನಂತಪುರ ನೋಡಲು ಹೊರಟಿದ್ದೇವೆ. ಮನೆಯಲ್ಲಿ ಚೆನ್ನಾಗಿ ಮಲಯಾಳಂ ಬರುವುದು ನನಗೇ ಆದ್ದರಿಂದ ಯೋಜನೆ ಹಾಕುವ ಕೆಲಸವೂ ನನ್ನ ಪಾಲಿಗೆ ಬಂತು. ತಮ್ಮನಿಗೆ ಮೃಗಾಲಯ ಬೇಕು, ಅಮ್ಮನಿಗೆ ಕೋವಳಂ ಕಡಲತೀರ, ಅಪ್ಪನಿಗೆ ವಿಧಾನಸಭೆಯ ಕಟ್ಟಡ. ಅಜ್ಜಿ ಮಾತ್ರ, "ನೀವು ಹೋಗಿ ಬನ್ನಿ ಮಗಾ, ನನ್ನ ಮೊಣಕಾಲು ಕಟ್ಟಿಕೊಂಡು ನಿಮಗೆ ಯಾಕೆ ಕಷ್ಟ" ಅಂದರು.

ಆ ಮಾತು ನನಗೆ ಚುಚ್ಚಿತು. 75 ದಾಟಿದ ಅಜ್ಜಿ ಹುಟ್ಟಿದಾಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ರಾಜಧಾನಿ ಮದರಾಸು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅಜ್ಜಿ ಊರು ಬಿಡಲಿಲ್ಲ, ರಾಜಧಾನಿಯೇ ಬದಲಾಯಿತು. ಆದರೆ ಎರಡನ್ನೂ ಅವರು ಕಣ್ಣಾರೆ ಕಂಡಿಲ್ಲ. ಅವರನ್ನು ಬಿಟ್ಟು ಹೋಗುವುದಾದರೆ ಇದು ಕುಟುಂಬದ ಪ್ರವಾಸ ಹೇಗಾದೀತು?

ಹಾಗಾಗಿ ಇಡೀ ಯೋಜನೆಯನ್ನು ಅಜ್ಜಿಯ ಕಾಲಿನ ಅಳತೆಗೆ ಮತ್ತೆ ಬರೆದೆ. ಕಾಸರಗೋಡಿನಿಂದ ಅಲ್ಲಿಗೆ 550 ಕಿಲೋಮೀಟರಿಗೂ ಹೆಚ್ಚು ದೂರ. ವಂದೇ ಭಾರತ್ ರೈಲು ಸುಮಾರು ಎಂಟು ಗಂಟೆಯಲ್ಲಿ ತಲುಪಿಸುತ್ತದೆ, ಆದರೆ ಅಷ್ಟು ಹೊತ್ತೂ ಕುಳಿತೇ ಇರಬೇಕು. ಶುಕ್ರವಾರ ಸಂಜೆ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿದರೆ ಅಜ್ಜಿ ಕೆಳಗಿನ ಬರ್ತಿನಲ್ಲಿ ಮಲಗಬಹುದು, ಒಂದು ರಾತ್ರಿಯ ಲಾಡ್ಜ್ ಖರ್ಚೂ ಉಳಿಯುತ್ತದೆ. ಬುಕಿಂಗ್ 60 ದಿನ ಮೊದಲೇ ತೆರೆಯುವುದರಿಂದ ಅಂದೇ ಟಿಕೆಟ್ ಮಾಡಿದೆವು.

ಶನಿವಾರ ತುಂಬಾ ಎಂಬ ಕಡಲತೀರದ ಊರಿಗೆ. ರಾಕೆಟ್ ಕೇಂದ್ರಕ್ಕೆ ಜಾಗ ಬೇಕಾದಾಗ ಡಾ. ವಿಕ್ರಮ್ ಸಾರಾಭಾಯಿ ಧರ್ಮಾಧ್ಯಕ್ಷ ಪೀಟರ್ ಬರ್ನಾರ್ಡ್ ಪಿರೇರಾ ಅವರನ್ನು ಕೇಳಿದರು. ಅವರು ಜನರ ಮುಂದೆ ವಿಷಯವಿಟ್ಟರು, ಜನ ಒಪ್ಪಿದರು. ಮೀನುಗಾರರ ಊರಿನ ಸಂತ ಮಗ್ದಲೇನ ಮರಿಯಳ ದೇವಾಲಯ ವಿಜ್ಞಾನಿಗಳ ಕಚೇರಿಯಾಯಿತು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಆ ದೇವಾಲಯ ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯ. ಈ ಕಥೆ ಹೇಳಿದಾಗ ಅಜ್ಜಿ, "ಇಗರ್ಜಿಯನ್ನೇ ಕೊಟ್ಟರಾ?" ಎಂದು ಎರಡು ಸಲ ಕೇಳಿದರು.

ಭಾನುವಾರ ಪಾಳಯಂನ ಸಂತ ಜೋಸೆಫರ ಪ್ರಧಾನಾಲಯದಲ್ಲಿ ಬಲಿಪೂಜೆ. ಎದುರಿಗೇ ಮಸೀದಿ, ಪಕ್ಕದಲ್ಲಿ ಗಣಪತಿ ದೇವಸ್ಥಾನ. ವಿಧಾನಸಭೆಯ ಕಟ್ಟಡವೂ ಹತ್ತಿರವೇ, ಅಪ್ಪನ ಆಸೆ ಹೊರಗಿನಿಂದಲಾದರೂ ತೀರುತ್ತದೆ. ಆಮೇಲೆ 1880ರಲ್ಲಿ ಕಟ್ಟಿದ ನೇಪಿಯರ್ ಮ್ಯೂಸಿಯಂ. ಮ್ಯೂಸಿಯಂ, ಮೃಗಾಲಯ ಎರಡಕ್ಕೂ ಸೋಮವಾರ ರಜೆ, ನೆನಪಿರಲಿ. ತಮ್ಮ ಮೃಗಾಲಯ ಸುತ್ತುವಾಗ ಅಜ್ಜಿ ಮ್ಯೂಸಿಯಂ ತೋಟದ ಮರದ ನೆರಳಲ್ಲಿ ಅಮ್ಮನ ಜೊತೆ ಕುಳಿತಿರಬಹುದು. ಕೋವಳಂ ಬಿಟ್ಟು ಹತ್ತಿರದ ಶಂಖುಮುಖಂ ಕಡಲತೀರಕ್ಕೆ ಅಮ್ಮ ಒಪ್ಪಿದರು. ರಾತ್ರಿ ರೈಲಿಗೆ ವಾಪಸು.

"ಪೂಜೆ ಮಲಯಾಳಂನಲ್ಲಿ ಅಜ್ಜಿ, ಅರ್ಥವಾಗುತ್ತದೋ ಇಲ್ಲವೋ" ಎಂದೆ. "ಆಮೆನ್ ಎಲ್ಲಿ ಹೇಳಬೇಕೆಂದು ನನಗೆ ಗೊತ್ತಿಲ್ಲವಾ?" ಎಂದು ನನ್ನನ್ನೇ ಗದರಿದರು. ಬರುವುದಾಗಿ ಒಪ್ಪಿಕೊಂಡದ್ದು ಹಾಗೆ.

ಗೆಳೆಯರೇ, ನಿಮ್ಮ ಮನೆಯಲ್ಲೂ ಪ್ರವಾಸದ ಮಾತು ಬಂದರೆ "ನೀವು ಹೋಗಿ ಬನ್ನಿ" ಅನ್ನುವವರನ್ನೇ ಮೊದಲು ಕೇಳಿ. ಜಾಗಗಳ ಪಟ್ಟಿ ಆಮೇಲೆ ಮಾಡಿ.